ಭಾವ ಫೀಲ್ ಆಗಿದ್ದಾರಂತೆ

ನನ್ನ ಚಿಕ್ಕಪ್ಪನ ಮಗ ಕೈಲಾಂಚದಿಂದ ಬೈಕಿನಲ್ಲಿ ರಾಮನಗರದ ನಮ್ಮ ಮನೆಗೆ ಬಂದು, ಹೆಲ್ಮೆಟ್ಟನ್ನೂ ತೆಗೆಯದೆ ಬಾಗಿಲಲ್ಲೇ ಸುದ್ದಿ ಇಳಿಸಿದ.

“ಅಣ್ಣ, ಹೊಂಗನೂರು ಭಾವ ಫೀಲ್ ಆಗ್ಬುಟ್ಟವ್ರೆ ಕಣಣ್ಣ.”

ಹೊಂಗನೂರು ಭಾವ ಎಂದರೆ ನನ್ನ ಅಕ್ಕನ ಗಂಡ. ನನ್ನ ಮಗಳ ಮದುವೆಗೆ ತಿಂಗಳೂ ಉಳಿದಿರಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟು ಅಲ್ಲೇ ಮರೆತೆ. ಮಾಮೂಲಿ ದಿನಗಳಲ್ಲೇ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬರುವ ಪ್ರಾಣಿ ನಾನು. ಈಗಂತೂ ಅಡುಗೆಯವನು ಫೋನ್ ಎತ್ತದಿದ್ದರೆ ಅವನು ತೀರಿಕೊಂಡೇ ಹೋದ ಎಂದು ನಿರ್ಧರಿಸಿ, ಬೇರೆ ಅಡುಗೆಯವನನ್ನು ಹುಡುಕಲು ಶುರುಮಾಡುವ ಹಂತ ತಲುಪಿದ್ದೆ.

“ಯಾಕಂತೆ?” ಎಂದೆ.

“ಅದ್ನೆಲ್ಲ ಯೋಳ್ತಾರಾ? ಚನ್ನಪಟ್ಣದ ಬೀದೀಲಿ ಸಿಕ್ಕುದ್ರು. ಅಣ್ಣ ಮದ್ವೆಗೆ ಕರ್ದವ್ನಾ ಭಾವ ಅಂದೆ. ಇಲ್ಲ ಅಂತ ತಲೆ ಅಲ್ಲಾಡ್ಸುದ್ರು. ಒಂದು ಮಾತೂ ಆಡ್ಲಿಲ್ಲ. ಮಕ ಇಷ್ಟು ದಪ್ಪ ಆಗಿತ್ತು. ನೋಡುದ್ರೆ ಗೊತ್ತಾಗಕಿಲ್ವಾ?”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಚಿಂತೆಗಾರನ ಬಾಯಿ ಮುಚ್ಚುವುದಿಲ್ಲ. “ಮಂಗಳವಾರ ನಮ್ಮ ಹಳೇ ಪ್ರಿನ್ಸಿಪಾಲ್ರು ಕಾಶಿಗೆ ಹೊರಟಿದ್ದಾರೆ ಅಂತ ಕಾರ್ಡ್ ಕೊಡೋಕೆ ಆ ಕಡೆ ಹೋಗಿದ್ದೆ ಕಣೋ, ಭಾವನ ಮನೆ ಒಳಗೆ ಹೋಗಲಿಲ್ಲ. ಅದಕ್ಕೇನಾದ್ರೂ ಇರಬೌದಾ?” ಎಂದುಬಿಟ್ಟೆ.

ತಮ್ಮನ ಕಣ್ಣು ಹೊಳೆದವು. “ಅದೇ ಮತ್ತೆ. ಕಾರ್ಡ್ ಇಟ್ಕಂಡು ಅಕ್ಕನ ಬಾಗ್ಲು ಮುಂದೆ ಓದ್ಯಾ? ಫೀಲ್ ಆಗ್ದೆ ಇನ್ನೇನ್ ಆಯ್ತಾರೆ?” ಎಂದವನು ಕುಳಿತು ಕಾಫಿ ಕುಡಿದು, ನನ್ನ ಮರೆತ ಲೋಟವನ್ನೂ ಖಾಲಿ ಮಾಡಿ, ತೃಪ್ತನಾಗಿ ಹೊರಟ. ಒಬ್ಬರ ಫೀಲನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವುದು ಅವನಿಗೆ ವ್ಯವಸಾಯ, ಹೈನುಗಾರಿಕೆಯ ಜೊತೆಗಿನ ಉಪಕಸುಬು. ಡೇರಿಗೆ ಹಾಲು ಹಾಕಿದ ಮೇಲೆ ಮಿಕ್ಕ ಹೊತ್ತಿನಲ್ಲಿ ಮಾಡುತ್ತಾನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಬದುಕುವವನು. ಕ್ರಿಯಾಪದಗಳು ನನಗೆ ಅನ್ನ ಹಾಕಿವೆ. ಯಾವುದರ ಮೇಲೂ ನನಗೆ ಹಗೆಯಿಲ್ಲ, ಇದೊಂದನ್ನು ಬಿಟ್ಟು. ಪಾಪ, ಇದರ ಹುಟ್ಟೇನೂ ಕೆಟ್ಟದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಫೀಲ್ ಎನ್ನುವುದು ಕೈಯ ಕೆಲಸ: ಮುಟ್ಟಿ ನೋಡುವುದು, ಸವರುವುದು, ಕತ್ತಲಲ್ಲಿ ತಡಕುವುದು. ಅಂಗೈಗೆ ಸಂಬಂಧಪಟ್ಟ ಯಾವುದೋ ಪುರಾತನ ಬೇರಿನಿಂದ ಚಿಗುರಿರಬಹುದು ಎಂದು ನಿಘಂಟುಗಳು ಅನುಮಾನಿಸುತ್ತವೆ. ಜರ್ಮನರ ಹತ್ತಿರ, ಡಚ್ಚರ ಹತ್ತಿರ ಅದರ ದಾಯಾದಿಗಳು ಇನ್ನೂ ಬದುಕಿದ್ದಾರೆ. ಕಾಲ ಕಳೆದಂತೆ ಅದು ಕೈಯಿಂದ ಮೈಗೆ ಹಬ್ಬಿತು, ಮೈಯಿಂದ ಮನಸ್ಸಿಗೆ ಹತ್ತಿತು. ಚಳಿ, ಹಸಿವು, ನಾಚಿಕೆ, ಸಂತೋಷ, ಎಲ್ಲಕ್ಕೂ ಅದೇ ಪದವಾಯಿತು. ಏನು ಅನ್ನಿಸಿತು ಎಂಬುದನ್ನು ಮಾತ್ರ ಜೊತೆಗೆ ಹೇಳಬೇಕು, ಅಷ್ಟೇ ಅದರ ಕರಾರು. ಆಮೇಲೆ ಅದು ಹಡಗು ಹತ್ತಿ ಈ ದೇಶಕ್ಕೆ ಬಂತು, ಹೇಗೋ ನಮ್ಮ ಸೀಮೆಯನ್ನು ಸೇರಿತು. ಸೇರಿ ಕೆಟ್ಟಿತು.

ನಮ್ಮಲ್ಲಿ ಏನು ಅನ್ನಿಸಿತು ಎಂದು ಹೇಳುವ ಕಷ್ಟವೇ ಇಲ್ಲ. ಬರೀ ಫೀಲ್ ಆದರೆ ಸಾಕು. ಮಾಗಡಿಯಿಂದ ಕನಕಪುರದವರೆಗೆ ಒಬ್ಬನೇ ಒಬ್ಬ ಮನುಷ್ಯ ಸಂತೋಷದಿಂದ ಫೀಲ್ ಆದದ್ದನ್ನು ನಾನು ಕೇಳಿಲ್ಲ. ಫೀಲ್ ಆದರು ಎಂದರೆ ಒಂದೇ ಅರ್ಥ: ಅವರ ಮರ್ಯಾದೆ ಒಸಿ ಕಡಿಮೆಯಾಯಿತು, ಇನ್ನು ನೀವು ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಕನ್ನಡದಲ್ಲಿ ಮುನಿಸಿಕೊಂಡೆ ಎಂದರೆ ಚಿಕ್ಕ ಮಗುವಿನಂತೆ ಕಾಣುತ್ತದೆ. ಕೋಪ ಬಂತು ಎಂದರೆ ಕಾರಣ ಕೇಳುತ್ತಾರೆ. ಹೊಟ್ಟೆಕಿಚ್ಚು ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಈ ಮೂರನ್ನೂ ಒಂದೇ ಚೀಲಕ್ಕೆ ತುರುಕಿ ಮೇಲೊಂದು ಇಂಗ್ಲಿಷ್ ಹೆಸರು ಅಂಟಿಸಿದರೆ ಮಾತ್ರ ಅದಕ್ಕೊಂದು ಘನತೆ ಬರುತ್ತದೆ.

ಬೀಗರ ಊಟದಲ್ಲಿ ಪಕ್ಕದವನ ಎಲೆಗೆ ನಲ್ಲಿಮೂಳೆ ಬಿದ್ದು ತನ್ನ ಎಲೆಗೆ ಬರೀ ಸಾರು ಬಂತೆಂದು ಫೀಲ್ ಆದವರನ್ನು ಕಂಡಿದ್ದೇನೆ. ಫ್ಲೆಕ್ಸಿನಲ್ಲಿ ತನ್ನ ಫೋಟೊ ಭಾವಮೈದುನನ ಫೋಟೊಗಿಂತ ಚಿಕ್ಕದಾಯಿತೆಂದು ಫೀಲ್ ಆಗಿ ದೊಡ್ಡಆಲಹಳ್ಳಿಯ ನೆಂಟರ ಮನೆಗೆ ಹೋಗಿ ಕುಳಿತವರಿದ್ದಾರೆ. ಜಿಲ್ಲೆಯ ಹೆಸರು ಬದಲಾಗುತ್ತದೆ ಎಂದಾಗ ಕೆಲವರು ಫೀಲ್ ಆದರು, ಬದಲಾಗಬಾರದು ಎಂದವರನ್ನು ಕಂಡು ಮಿಕ್ಕವರು ಫೀಲ್ ಆದರು. ಇನ್ನು ‘ಫೀಲ್ ಮಾಡ್ಕಬೇಡಿ’ ಎಂಬುದಂತೂ ಚಾಕು ಚುಚ್ಚುವ ಮುನ್ನ ಹತ್ತಿಯಿಂದ ಒರೆಸುವ ಸ್ಪಿರಿಟ್ಟಿನ ಹಾಗೆ. ನನ್ನ ಸ್ಕೂಟರ್ ರಿಪೇರಿ ಮಾಡುವವನು ಪ್ರತಿ ಸಲವೂ ಅದನ್ನು ಹಚ್ಚಿಯೇ ಶುರು ಮಾಡುತ್ತಾನೆ: “ಫೀಲ್ ಮಾಡ್ಕಬೇಡಿ ಸಾ, ಇದ ಗುಜ್ರಿಯೋನೂ ಮುಟ್ಟಕಿಲ್ಲ. ನಿಮ್ ಸ್ಕೂಟ್ರು ಬತ್ತಾ ಐತೆ ಅಂತ ಅತ್ಲಾಗಿ ಐಜೂರಲ್ಲಿದ್ದಂಗೇ ಸದ್ದಲ್ಲೇ ಗೊತ್ತಾಯ್ತದೆ.”

ನಾನೇನೂ ಕಡಿಮೆಯವನಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ನನಗೆ ಕುರ್ಚಿ ಹಾಕಲಿಲ್ಲ ಎಂದು ಒಮ್ಮೆ ಫೀಲ್ ಆಗಿ ಊಟ ಬಿಟ್ಟು ಹೊರಟುಬಿಟ್ಟಿದ್ದೆ. ಯಾರಾದರೂ ಓಡಿ ಬಂದು ಕರೆಯುತ್ತಾರೆ ಎಂದು ಗೇಟಿನ ಹತ್ತಿರ ಷೂ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟಿದೆ. ಯಾರೂ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದು ಮನೆಗೆ ಬಂದೆ. ಮಾರನೆಯ ದಿನ ಸಹೋದ್ಯೋಗಿಯೊಬ್ಬರು “ಹೋಳಿಗೆ ಚೆನ್ನಾಗಿತ್ತಲ್ವಾ ಸಾರ್?” ಎಂದರು. ನಾನು ಇರಲಿಲ್ಲ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಫೀಲ್ ಆಗುವುದಕ್ಕೂ ಯೋಗ್ಯತೆ ಬೇಕು.

ಈಗ ಮಂಗಳವಾರದ ವಿಷಯ. ನಮ್ಮ ಹಳೆಯ ಪ್ರಾಂಶುಪಾಲರೊಬ್ಬರು ಹೊಂಗನೂರಿನಿಂದ ಆಚೆ ಒಂದು ಹಳ್ಳಿಯಲ್ಲಿದ್ದಾರೆ. ಬುಧವಾರ ಬೆಳಿಗ್ಗೆ ಕಾಶಿಗೆ ಹೊರಡುತ್ತೇವೆ, ಮದುವೆಯ ಹೊತ್ತಿಗೆ ವಾಪಸ್ ಬರುತ್ತೇವೆ, ಕಾರ್ಡ್ ಈಗಲೇ ಕೊಟ್ಟುಹೋಗಿ ಎಂದು ಫೋನ್ ಮಾಡಿದ್ದರು. ಹೊರಟೆ. ದಾರಿ ಇರುವುದು ಅಕ್ಕನ ಮನೆಯ ಮುಂದೆಯೇ, ಬೇರೆ ದಾರಿಯಿಲ್ಲ. ಆದರೆ ಅಕ್ಕನನ್ನು ಕರೆಯುವುದು ಪ್ರಾಂಶುಪಾಲರನ್ನು ಕರೆದ ಹಾಗಲ್ಲ. ಒಬ್ಬನೇ ಹೋಗಿ ಕಾರ್ಡ್ ಕೊಟ್ಟು ಬರುವ ಮನೆಯಲ್ಲ ಅದು. ಗಂಡ ಹೆಂಡತಿ ಜೊತೆಯಾಗಿ ಹೋಗಬೇಕು, ಸೀರೆ, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, ಹೆಂಡತಿ ಕುಂಕುಮ ಕೊಟ್ಟು ಕರೆಯಬೇಕು. ಮಂಗಳವಾರವಂತೂ ಕೂಡದು. ಹೆಂಡತಿಯೊಂದಿಗೆ ಗುರುವಾರ ಹೋಗುವುದೆಂದು ಆಗಲೇ ಗೊತ್ತುಮಾಡಿದ್ದೆವು.

ಹೊಂಗನೂರಿನ ಹತ್ತಿರ ಬಂದಾಗ ತಲೆ ಓಡತೊಡಗಿತು. ಸುಮ್ಮನೆ ಮಾತಾಡಿಸಲು ಒಳಗೆ ಹೋದರೆ ಬ್ಯಾಗಿನಲ್ಲಿರುವ ಕಾರ್ಡು ಕಾಣುತ್ತದೆ. ಕಂಡ ಮೇಲೆ ಕೊಡದಿದ್ದರೆ ತಪ್ಪು. ಕೊಟ್ಟರೆ, ಮಂಗಳವಾರ, ಒಬ್ಬನೇ ಬಂದು, ಬರಿಗೈಯಲ್ಲಿ ಕರೆದ ಎಂಬ ತಪ್ಪು. ಹೋಗದೆ ಇದ್ದು ಯಾರಾದರೂ ನೋಡಿಬಿಟ್ಟರೆ ಅದಕ್ಕಿಂತ ದೊಡ್ಡ ತಪ್ಪು. ಊರ ಮುಂದಿನ ಸೇತುವೆಯ ಪಕ್ಕ ಗಾಡಿ ನಿಲ್ಲಿಸಿ ಯೋಚಿಸಿದೆ. ಕೊನೆಗೆ ಹೆಲ್ಮೆಟ್ಟಿನ ಗಾಜು ಇಳಿಸಿ, ತಲೆ ತಗ್ಗಿಸಿ, ಅಕ್ಕನ ಮನೆಯನ್ನು ಕಳ್ಳನ ಹಾಗೆ ದಾಟಿದೆ. ಆ ಊರಿನ ನಾಯಿಗಳಿಗೂ ಗುರುತಿರುವ ಸದ್ದಿನ ಸ್ಕೂಟರಿನಲ್ಲಿ ಕೂತು ಮುಖ ಮುಚ್ಚಿಕೊಂಡ ಬುದ್ಧಿವಂತ ನಾನು. ವಾಪಸ್ ಬರುವಾಗಲೂ ಅದೇ ನಾಟಕ.

ತಮ್ಮ ಸುದ್ದಿ ತಂದ ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಣಗಿದ ಹಪ್ಪಳ ಎತ್ತಿಡುತ್ತಿದ್ದಳು.

“ಹೆಲ್ಮೆಟ್ ಹಾಕ್ಕೊಂಡ್ರೆ ಅಕ್ಕಂಗೆ ತಮ್ಮ ಗೊತ್ತಾಗಲ್ಲ ಅಂದ್ಕೊಂಡ್ರಾ?” ಎಂದಳು.

“ಅಕ್ಕ ಅಲ್ಲ, ಫೀಲ್ ಆಗಿರೋದು ಭಾವ.”

“ಅವರು ಬರದಿದ್ರೆ ಹೋಗಲಿ. ಅತ್ತಿಗೇನ ಕಳಿಸದೆ ಇದ್ರೆ?”

ನನ್ನ ಪ್ರಶ್ನೆಯೂ ಅದೇ. ನಮ್ಮ ಮನೆತನದಲ್ಲಿ ಹೆಣ್ಣುಮಗಳ ಮದುವೆಗೆ ಕಳಶ ಹಿಡಿಯುವವಳು ಸೋದರತ್ತೆ. ಮದುಮಗಳ ಪಕ್ಕದಲ್ಲಿ, ಮಂಟಪಕ್ಕೆ ಬರುವಾಗ, ಧಾರೆಯ ಹೊತ್ತಿನಲ್ಲಿ, ಕಳಶ ಕೆಳಗಿಡದೆ ನಿಲ್ಲಬೇಕು. ನನಗಿರುವುದು ಒಬ್ಬಳೇ ಅಕ್ಕ. ಅವಳ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸಿದರೆ ಇಡೀ ಛತ್ರ ಊಟ ಮುಗಿಯುವವರೆಗೂ ಕಾರಣ ಹುಡುಕುತ್ತದೆ. ಅದೂ ಹೋಗಲಿ, ನನ್ನ ಮಗಳು ನಡೆಯಲು ಕಲಿತದ್ದು ಆ ಹೊಂಗನೂರಿನ ಜಗಲಿಯ ಮೇಲೆ. “ಅತ್ತೆ ಇಲ್ಲದಿದ್ರೆ ನಾನು ಮಂಟಪಕ್ಕೆ ಬರಲ್ಲ ಅಪ್ಪ” ಎಂದು ಅವಳು ಒಳಗಿನಿಂದಲೇ ಹೇಳಿದಳು. ತಮಾಷೆಗೆ ಹೇಳಿದ್ದಲ್ಲ.

ಗುರುವಾರ ಸೀರೆ, ಕಾಯಿ, ಎಲೆ ಅಡಿಕೆಯ ಜೊತೆ ಹೋದೆವು. ದಾರಿಯುದ್ದಕ್ಕೂ ನಾನು ಕ್ಷಮಾಪಣೆಯ ಮಾತುಗಳನ್ನು ಹೊಂದಿಸುತ್ತಿದ್ದೆ. ಹಿಂದೆ ಕೂತವಳು “ಗಟ್ಟಿಯಾಗಿ ಮಾತಾಡ್ತಿದ್ದೀರ, ಜನ ನೋಡ್ತಾರೆ” ಎಂದಳು.

ಭಾವ ಜಗಲಿಯ ಮೇಲಿರಲಿಲ್ಲ. ಹಿತ್ತಲ ರೇಷ್ಮೆ ಹುಳುವಿನ ಮನೆಯಿಂದ ದನಿ ಬಂತು.

“ಬನ್ನಿ ಬನ್ನಿ ಮೇಷ್ಟ್ರೇ. ಇವತ್ತು ಕಾಣ್ತಾ ನಮ್ಮನೆ? ಕಾಲು ತೊಳ್ಕಂಡು ಒಳೀಕ್ ಬನ್ನಿ. ಹುಳ ಹಣ್ಣಾಗವೆ, ನಾನು ಆಚಿಕ್ ಬರಕ್ಕಾಗಕಿಲ್ಲ.”

ಮೇಷ್ಟ್ರೇ ಎಂಬ ಸಂಬೋಧನೆ ಕೇಳಿಯೇ ದಾರಿಯಲ್ಲಿ ಹೊಂದಿಸಿದ ಮಾತುಗಳನ್ನು ಮೊದಲಿನಿಂದ ಜೋಡಿಸತೊಡಗಿದೆ. ಬೇರೆ ದಿನಗಳಲ್ಲಿ ಅವರು ನನ್ನನ್ನು ಕರೆಯುವುದು “ಬಾಮೈದ” ಎಂದು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆವು. ಸಣ್ಣ ಮಳೆ ಹಿಡಿದ ಹಾಗೆ ಹುಳಗಳು ಸೊಪ್ಪು ಮೇಯುವ ಸದ್ದು. ಭಾವ, ಅಕ್ಕ ಇಬ್ಬರೂ ಬಗ್ಗಿ, ಮೈ ಬಣ್ಣ ತಿರುಗಿದ ಹಣ್ಣು ಹುಳಗಳನ್ನು ಆರಿಸಿ, ಅವು ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರ ತಟ್ಟಿಯ ಮೇಲೆ ಬಿಡುತ್ತಿದ್ದರು. ಅಕ್ಕ ತಲೆ ಎತ್ತಿ ನನ್ನ ಹೆಂಡತಿಗೆ “ಬಾವ್ವ” ಎಂದಳು. ನನ್ನ ಕಡೆ ನೋಡಿದಳು, ಮತ್ತೆ ಹುಳ ಆರಿಸತೊಡಗಿದಳು. ಹುಳದ ಕೆಲಸವಿದೆಯಲ್ಲ ಎಂದುಕೊಂಡು ನಾನು ಭಾವನ ಕಡೆ ತಿರುಗಿದೆ.

“ಭಾವ, ನೀವು ಫೀಲ್ ಆಗಿದ್ದೀರ ಅಂತ…”

“ನಾನಾ? ನಾನ್ಯಾಕ್ ಫೀಲ್ ಆಗ್ಲಿ? ನಿಮ್ಗೆಲ್ಲ ದೊಡ್ಡೋರ ಸವಾಸ. ಪ್ರಿನ್ಸಿಪಾಲ್ರು, ಕಾಸಿಗೋಗೋರು. ನಾವು ಹುಳ ಸಾಕೋರು, ನಮ್ಮ ಬಾಗ್ಲಲ್ಲಿ ಗಾಡಿ ನಿಂತಾತಾ?”

‘ನಾನು ಫೀಲ್ ಆಗಿಲ್ಲ’ ಎನ್ನುವುದು ಈ ಕ್ರಿಯಾಪದದ ಅತ್ಯಂತ ಅಪಾಯಕಾರಿ ರೂಪ. ನಾನು ಮಂಗಳವಾರ, ಕುಂಕುಮ, ಕಾಶಿ, ಎಲ್ಲ ವಿವರಿಸಿದೆ. ಅವರು “ಹೂಂ” “ಹೂಂ” ಎನ್ನುತ್ತಾ ಹುಳ ಆರಿಸಿದರು. ವಿವರಣೆ ಮುಗಿದರೂ ಸುಮ್ಮನಿರಲಾಗದೆ ಮೊದಲಿನಿಂದ ಮತ್ತೆ ಹೇಳಿದೆ. ಆಗ ಅವರಿಗೇ ಬೇಸರ ಹತ್ತಿರಬೇಕು.

“ಬುಡು ಬಾಮೈದ, ಸಾಕು. ಅಸ್ಲಿಗೆ ನೀನು ಮಂಗ್ಳಾರ ಬಂದಿದ್ದು ನಂಗೊತ್ತೇ ಇಲ್ಲ. ನಾನು ಹಲ್ನೋವು ಅಂತ ಚನ್ನಪಟ್ಣದ ಡಾಕ್ಟ್ರುತಾವ ಓಗಿದ್ದೆ. ದವಡೆ ಊದ್ಕಂಡು ಮಾತಾಡಕ್ಕಾಗ್ತಿರ್ಲಿಲ್ಲ. ಕೈಲಾಂಚದೋನು ಫೋನ್ ಮಾಡಿ, ಅಣ್ಣ ನಿಮ್ಮನೆ ಮುಂದೇನೆ ಓದ್ನಂತೆ, ನೀವು ಫೀಲ್ ಆಗಿದೀರಂತಲ್ಲ ಭಾವ ಅಂದ. ಹೌದಾ ಅಂತ ಕುಂತ್ಕಂಡು ಯೋಚ್ನೆ ಮಾಡ್ದೆ. ಫೀಲ್ ಆಗೋ ಇಸ್ಯಾನೇಯ ಅನ್ಸ್ತು. ಆಗ್ಬುಟ್ಟೆ.”

ಎಷ್ಟು ನೆಮ್ಮದಿಯಾಗಿ ಹೇಳಿದರೆಂದರೆ, ಕಟಿಂಗ್ ಮಾಡಿಸಿಕೊಂಡು ಬಂದೆ ಎಂದ ಹಾಗಿತ್ತು. ಹಲ್ಲುನೋವಿನ ಮುಖವನ್ನು ನೋಡಿ ತಮ್ಮ ಫೀಲ್ ಎಂದ. ಕಾರಣವನ್ನು ನಾನೇ ಕೈಯಾರೆ ಒದಗಿಸಿದೆ. ಅವನು ಅದನ್ನು ಹೊಂಗನೂರಿಗೆ ಮುಟ್ಟಿಸಿದ. ಭಾವ ತೆಗೆದು ತೊಟ್ಟುಕೊಂಡರು. ಅಳತೆ ಸರಿಯಾಗಿತ್ತು. ಇಡೀ ರಾತ್ರಿ ನಾನು ನಿದ್ದೆಗೆಟ್ಟದ್ದು ಒಂದು ಹುಳುಕು ದವಡೆಹಲ್ಲಿಗಾಗಿ.

“ಹಂಗಾದ್ರೆ ಮದ್ವೆಗೆ…” ಎಂದೆ.

“ನಾನು ಬತ್ತೀನಿ. ಫೀಲ್ ಆದೋರ ಕರ್ಯಕ್ಕೆ ಬಂದಿದೀಯ, ಬರ್ದೆ ಇದ್ರೆ ಚೆನ್ನಾಗಿರಕಿಲ್ಲ. ನಿಮ್ಮಕ್ಕನ ಕೇಳು. ಅವ್ಳು ಯಾಕೋ ಮಂಗ್ಳಾರದಿಂದ ಸರ್ಯಾಗಿ ಮಾತೇ ಆಡಿಲ್ಲ. ಹುಳದ ಕೆಲ್ಸ ಜಾಸ್ತಿ ಆಯ್ತೇನೋ.”

ನಾನು ಅಕ್ಕನನ್ನು ನೋಡಿದೆ. ಅವಳು ಬೆನ್ನು ತಿರುಗಿಸಿಕೊಂಡು ಆಚೆ ಬದಿಯ ಹುಳದ ತಟ್ಟೆಯ ಹತ್ತಿರ ಹೋಗಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಹುಳ ಮುಟ್ಟುವುದೆಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ಸುಮ್ಮನೆ ನಿಂತರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಒಂದನ್ನು ಎತ್ತಿದೆ. ತಣ್ಣಗೆ, ಮೆತ್ತಗೆ, ಬೆರಳ ನಡುವೆ ಮಿಸುಕಾಡಿತು.

“ಹಂಗೆ ಹಿಸುಕ್ಬ್ಯಾಡ,” ಎಂದಳು. ನನ್ನೊಂದಿಗೆ ಆಡಿದ ಮೊದಲ ಮಾತು. ಆಮೇಲೆ ಭಾವನಿಗೆ ಕೇಳಿಸದ ದನಿಯಲ್ಲಿ, ಹುಳಗಳಿಗೆ ಹೇಳುವವಳ ಹಾಗೆ ಹೇಳಿದಳು.

“ನೀನು ಓದಾಗ ನಾನು ಮಾಳಿಗೆ ಮೇಲಿದ್ದೆ. ರಾಗಿ ಒಣಾಕ್ತಿದ್ದೆ. ಸ್ಕೂಟ್ರು ಸದ್ದು ಸೇತುವೆತಾವ್ಲೇ ಗೊತ್ತಾಯ್ತು. ಪಕ್ಕದ್ಮನೆಯೋಳ್ಗೆ ನನ್ ತಮ್ಮ ಬಂದ ಅಂದೆ. ಕೆಳೀಕ್ ಬಂದು ಕಾಪಿಗೆ ಹಾಲಿಟ್ಟೆ. ನೀನು ಅಂಗೇ ಒಂಟೋದೆ. ಬರೋವಾಗ ಬತ್ತಾನೆ ಅನ್ಕಂಡು ಹಾಲ ಅಂಗೇ ಇಟ್ಟಿದ್ದೆ. ಆಮೇಲೆ ಹೆಪ್ಪಾಕ್ದೆ.”

“ಭಾವಂಗೆ ಯಾಕೆ ಹೇಳ್ಲಿಲ್ಲ ಅಕ್ಕ?”

“ಏನಂತ ಯೋಳ್ಳಿ? ನನ್ ತಮ್ಮ ನನ್ ಬಾಗ್ಲು ಮುಂದೇನೆ ಮಕ ಮುಚ್ಕಂಡೋದ ಅಂತ್ಲಾ? ಆ ಮನೆ ಮರ್ವಾದೆ ಈ ಮನೇಲಿ ನಾನೇ ಕಳೀಲಾ?”

ನನ್ನ ಬಳಿ ಎರಡು ಸಲ ವಿವರಿಸಿದ ಮಂಗಳವಾರ ಸಿದ್ಧವಾಗಿತ್ತು. ಅದನ್ನು ತೆಗೆಯದೆ, ಬೆರಳ ನಡುವಿನ ಹುಳವನ್ನು ಹಿಸುಕದೆ ಚಂದ್ರಿಕೆಯ ಮೇಲೆ ಬಿಟ್ಟೆ.

ಆಮೇಲೆ ಎಷ್ಟೋ ದಿನ ಅದನ್ನೇ ಯೋಚಿಸಿದ್ದೇನೆ. ತಮ್ಮ ಎಷ್ಟೊಂದು ಫೀಲುಗಳನ್ನು ಈ ಮನೆಯಿಂದ ಆ ಮನೆಗೆ ಹೊತ್ತಿದ್ದಾನೆ. ಅದರಲ್ಲಿ ಒಂದಾದರೂ ಹೆಂಗಸಿನದು ನನಗೆ ನೆನಪಿಲ್ಲ. ಭಾವ ಫೀಲ್ ಆಗುತ್ತಾರೆ, ಮಾವ ಫೀಲ್ ಆಗುತ್ತಾರೆ, ಪಂಚಾಯ್ತಿ ಮೆಂಬರು ಫೀಲ್ ಆಗುತ್ತಾರೆ. ಫೀಲ್ ಆಗಲು ಯಾರಾದರೂ ಬಂದು ಸಮಾಧಾನ ಮಾಡುತ್ತಾರೆಂಬ ಖಾತ್ರಿ ಬೇಕು. ಅಕ್ಕನಿಗೆ ಆ ಖಾತ್ರಿ ಇರಲಿಲ್ಲ. ಅವಳು ಹಾಲು ಹೆಪ್ಪು ಹಾಕಿದಳು. ಅವಳ ತಮ್ಮನಾದ ಈ ಇಂಗ್ಲಿಷ್ ಮೇಷ್ಟ್ರು ಅವಳ ಗಂಡನ ದವಡೆಗೆ ಕ್ಷಮೆ ಕೇಳಿಕೊಂಡು ನಿಂತಿದ್ದರು.

ನನ್ನ ಹೆಂಡತಿ ಕುಂಕುಮವಿಟ್ಟು ಸೀರೆ ಕೊಟ್ಟು ಕರೆದಳು. ಅಕ್ಕ ಸೀರೆಯ ಮಡಿಕೆ ಬಿಚ್ಚಲಿಲ್ಲ, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಬಾಗಿಲ ಹತ್ತಿರ ನಿಂತು “ಅಕ್ಕ, ಕಳಶ…” ಎಂದೆ. ಅವಳು ಅಡುಗೆಮನೆಗೆ ಹೋಗಿ ಕಾಫಿ ತಂದಳು. ನನ್ನ ಕೈಗೆ ಲೋಟ ಕೊಟ್ಟು, ನಾನು ಕೊನೆಯ ಗುಟುಕಿನವರೆಗೂ ಕುಡಿಯುವುದನ್ನು ನಿಂತು ನೋಡಿದಳು. ನಾಲಿಗೆ ಸುಟ್ಟಿತು, ಬಿಡಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಹೆಂಡತಿಯ ಕಡೆ ತಿರುಗಿದಳು. “ಮಗು ಧಾರೆಗೆ ಯಾವ ಬಣ್ಣುದ್ ಸೀರೆ ಉಡ್ತದವ್ವ?”

ಮದುವೆಯ ಹಿಂದಿನ ಸಂಜೆ ಅವಳು ಬಸ್ಸಿನಲ್ಲಿ ಬಂದು ಛತ್ರದ ಬಾಗಿಲಲ್ಲಿ ಇಳಿಯುವವರೆಗೂ ನಾನು ಆ ಪ್ರಶ್ನೆಯನ್ನು ತಿರುವಿ ತಿರುವಿ ಹಾಕಿ, ಅದು ಒಪ್ಪಿಗೆಯೋ ಬರೀ ಕುತೂಹಲವೋ ಎಂದು ಹೆಂಡತಿಯ ತಲೆ ತಿಂದೆ.

ಭಾವ ಮಾರನೆಯ ಬೆಳಿಗ್ಗೆ ಬಂದರು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು, ತರುವವನು ಇದ್ದನಲ್ಲ. ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ನೆಂಟರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು “ಏನ್ ಭಾವ, ಫೀಲ್ ಆಗಿದ್ರಂತೆ?” ಎಂದು ವಿಚಾರಿಸಿದರು. “ಬುಡಿ, ಅದೆಲ್ಲ ಮುಗ್ದೋಯ್ತು. ನಾನೇ ಒಸಿ ಮನ್ಸು ದೊಡ್ದು ಮಾಡ್ಕಂಡೆ” ಎಂದು ಅವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಕಿತ್ತ ಹಲ್ಲಿನ ಜಾಗದಲ್ಲಿ ನಾಲಿಗೆ ಆಡುತ್ತಿತ್ತು. ನನ್ನ ತಮ್ಮ ಪಕ್ಕದಲ್ಲಿ ನಿಂತು ಯಜ್ಞ ಮಾಡಿಸಿದ ಪುರೋಹಿತನ ಮುಖ ಹೊತ್ತಿದ್ದ.

ಅಕ್ಕ ಮಂಟಪದಲ್ಲಿ ನನ್ನ ಮಗಳ ಪಕ್ಕ ನಿಂತಿದ್ದಳು. ನಾವು ಕೊಟ್ಟ ಸೀರೆಯನ್ನೇ ಉಟ್ಟಿದ್ದಳು. ತುಂಬಿದ ಕಳಶ, ಮೇಲೆ ಕಾಯಿ, ವೀಳ್ಯದೆಲೆ. ಮುಹೂರ್ತ ಎಳೆಯಿತು, ಫೋಟೊದವನು ಗಂಡು ಹೆಣ್ಣನ್ನು ಹಿಂದೆ ಮುಂದೆ ನಿಲ್ಲಿಸಿ ಇನ್ನೂ ಎಳೆದ. ಅವಳ ತೋಳು ಸಣ್ಣಗೆ ನಡುಗುವುದು ನನಗೆ ಕಂಡಿತು. ಧಾರೆಯ ನೀರು ಬಿದ್ದ ಮೇಲೆ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

“ಕೈ ನೋಯ್ತಾ ಇದೆಯಾ ಅಕ್ಕ?”

“ನೋಯ್ತದೆ,” ಎಂದಳು, ಕಳಶದ ಮೇಲಿಂದ ಕಣ್ಣು ತೆಗೆಯದೆ. “ನೋಯ್ದೆ ಇದ್ದಾತಾ? ನೀನು ಓಗು, ನಿಮ್ ಭಾವನ್ನ ಮೊದಲ್ನೆ ಪಂಕ್ತೀಗೆ ಕರಿ. ಇಲ್ದಿದ್ರೆ ಫೀಲ್ ಆಯ್ತಾರೆ.”